ಮೈಲೇಜಿನ ನಂಬಿಕೆ, ಸವಕಳಿಯ ಲೆಕ್ಕ

ಕಾರು ಅಥವಾ ಬೈಕು ಕೊಳ್ಳುವವರು ಮೊದಲು ವಿಚಾರಿಸುವುದು ಅದು ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂಬುದನ್ನು. ಮೈಲೇಜು ಹೆಚ್ಚಿದಷ್ಟೂ ಗಾಡಿ ಅಗ್ಗವಾಗಿ ಬೀಳುತ್ತದೆಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಆದರೆ ಹೊಸ ಕಾರನ್ನು ಇಟ್ಟುಕೊಳ್ಳುವ ವೆಚ್ಚದಲ್ಲಿ ಮೊದಲ ಕೆಲವು ವರ್ಷ ದೊಡ್ಡ ಪಾಲು ಸಾಮಾನ್ಯವಾಗಿ ಇಂಧನದ್ದಲ್ಲ, ಸವಕಳಿಯದು, ಅಂದರೆ ವಾಹನದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಆಗುವ ನಷ್ಟದ್ದು. ಈ ನಷ್ಟಕ್ಕೆ ಯಾರೂ ರಸೀದಿ ಕೊಡದ ಕಾರಣ ಮಾರುವ ದಿನದವರೆಗೂ ಅದು ಮಾಲೀಕರ ಲೆಕ್ಕಕ್ಕೇ ಬರುವುದಿಲ್ಲ.

ಷೋರೂಂ ಬೆಲೆ 10 ಲಕ್ಷ ರೂಪಾಯಿಯಿರುವ ಕಾರನ್ನು ವರ್ಷಕ್ಕೆ 10,000 ಕಿ.ಮೀ. ಓಡಿಸುವ ಕುಟುಂಬವೊಂದು 15 ಕಿ.ಮೀ. ಮೈಲೇಜಿನ ಬದಲು 20 ಕಿ.ಮೀ. ಮೈಲೇಜಿನ ಗಾಡಿಯನ್ನು ಆರಿಸಿಕೊಂಡರೆ, ಪೆಟ್ರೋಲನ್ನು ಲೀಟರಿಗೆ 100 ರೂಪಾಯಿಯೆಂದು ಹಿಡಿದಾಗ, ವರ್ಷಕ್ಕೆ ಸುಮಾರು 16,700 ರೂಪಾಯಿಯಂತೆ ಐದು ವರ್ಷಕ್ಕೆ 83,000 ರೂಪಾಯಿ ಉಳಿಯುತ್ತದೆ. ಇನ್ನೊಂದು ಬದಿಯನ್ನು ನೋಡಲು ವಿಮೆಯ ಐಡಿವಿ, ಅಂದರೆ ವಾಹನ ಕಳವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವ ಗರಿಷ್ಠ ಮೊತ್ತ, ನೆರವಾಗುತ್ತದೆ. ಎರಡು ವರ್ಷ ದಾಟಿ ಮೂರು ತುಂಬದ ವಾಹನಕ್ಕೆ ಶೇಕಡ 30, ನಾಲ್ಕು ದಾಟಿ ಐದು ತುಂಬದ ವಾಹನಕ್ಕೆ ಶೇಕಡ 50 ಸವಕಳಿಯನ್ನು ಐಡಿವಿ ಲೆಕ್ಕಹಾಕುವ ಪಟ್ಟಿ ಕಳೆಯುತ್ತದೆ. ಅದರಂತೆ ಐದನೆಯ ವರ್ಷದಲ್ಲಿ ಕಾರಿನ ಮೌಲ್ಯದಿಂದ 5 ಲಕ್ಷ ರೂಪಾಯಿ ಹೋಗಿರುತ್ತದೆ. ಮಾರುಕಟ್ಟೆಯ ಬೆಲೆ ಈ ಪಟ್ಟಿಗಿಂತ ಹೆಚ್ಚು ಕಡಿಮೆಯಾಗಬಹುದಾದರೂ, ಮರುಮಾರಾಟದ ಬೆಲೆಯಲ್ಲಿ ಷೋರೂಂ ಬೆಲೆಯ ಶೇಕಡ 10ರಷ್ಟು ವ್ಯತ್ಯಾಸವಾದರೆ ಐದು ವರ್ಷದ ಮೈಲೇಜಿನ ಉಳಿತಾಯವೆಲ್ಲ ಅದರಲ್ಲೇ ಮುಗಿದುಹೋಗುತ್ತದೆಂಬುದನ್ನು ಕೊಳ್ಳುವವರು ಗಂಭೀರವಾಗಿ ಪರಿಗಣಿಸಬೇಕು. ನೋಂದಣಿಯ ವೇಳೆ ಕಟ್ಟುವ ಆಜೀವ ತೆರಿಗೆ ಈ ಲೆಕ್ಕದಲ್ಲಿ ಸೇರಿಲ್ಲ.

ಡೀಸೆಲ್ ಕಾರೇ ಯಾವಾಗಲೂ ಲಾಭವೆಂಬ ಮಾತು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಸರ್ಕಾರ 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿದ ಮೇಲೆ ಎರಡು ಇಂಧನಗಳ ನಡುವಿನ ಅಂತರ ಕಿರಿದಾಯಿತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಎಂಜಿನ್ನುಗಳೇ ದುಬಾರಿಯಾದವು. ಆದರೂ ಹಳೆಯ ಮಾತು ಬದಲಾಗದೆ ಉಳಿದಿದೆ. ಡೀಸೆಲ್ ಮಾದರಿಗೆ 1.25 ಲಕ್ಷ ರೂಪಾಯಿ ಹೆಚ್ಚು ಕೊಟ್ಟು, ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಉಳಿಸುವವರು ಆ ಹಣವನ್ನು ಮರಳಿ ಪಡೆಯಲು ಸುಮಾರು 54,000 ಕಿ.ಮೀ. ಓಡಬೇಕು, ವರ್ಷಕ್ಕೆ 8,000 ಕಿ.ಮೀ. ಮಾತ್ರ ಓಡಿಸುವವರಿಗೆ ಇದಕ್ಕೆ ಏಳು ವರ್ಷ ಹಿಡಿಯುತ್ತದೆ. ಇದಲ್ಲದೆ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಹೆದ್ದಾರಿಯ ಏಕವೇಗದ ಓಟ ಬೇಕಾಗುವುದರಿಂದ, ಬೆಂಗಳೂರಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಳ್ಳುವ ಸಂಭವ ಹೆಚ್ಚು. ನಗರದೊಳಗೇ ಓಡಾಡುವವರಿಗೆ ಡೀಸೆಲ್ ಇಂದು ಸರಿಯಾದ ಆಯ್ಕೆಯಲ್ಲ.

ದುಬಾರಿ ಪ್ರೀಮಿಯಂ ಪೆಟ್ರೋಲು ಹಾಕಿಸಿದರೆ ಸಾಮಾನ್ಯ ಬೈಕಿನ ಮೈಲೇಜು ಹೆಚ್ಚುತ್ತದೆಂಬುದಕ್ಕೂ ಆಧಾರವಿಲ್ಲ. ಆಕ್ಟೇನ್ ಸಂಖ್ಯೆ ಇಂಧನದ ಶಕ್ತಿಯನ್ನು ಅಳೆಯುವುದಿಲ್ಲ. ಒತ್ತಡಕ್ಕೆ ಸಿಕ್ಕ ಪೆಟ್ರೋಲು ಹೊತ್ತಿಗೆ ಮುನ್ನ ತಾನಾಗಿ ಹತ್ತಿಕೊಳ್ಳದಂತೆ ತಡೆಯುವ ಗುಣವನ್ನಷ್ಟೇ ಅದು ಸೂಚಿಸುತ್ತದೆ, ಹೆಚ್ಚು ಒತ್ತಡದ ಎಂಜಿನ್ನಿಗೆ ಮಾತ್ರ ಅದರ ಅಗತ್ಯವಿದೆ.

ಅಧಿಕೃತ ಸರ್ವಿಸ್ ಕೇಂದ್ರದ ಹೊರಗೆ ರಿಪೇರಿ ಮಾಡಿಸಿದೊಡನೆ ವಾರಂಟಿ ಪೂರ್ತಿ ರದ್ದಾಗುತ್ತದೆಂಬ ಭಯ ಇನ್ನೊಂದು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗಿನ ಮೆಕ್ಯಾನಿಕ್ ಮುಟ್ಟಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ತಳ್ಳಿಹಾಕುವ ಷರತ್ತು ಸಲ್ಲದೆಂದೂ, ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ಅದನ್ನು ನಿರಾಕರಿಸಬಹುದೆಂದೂ ಹೇಳಿತು. ಈ ಆದೇಶ ಬಳಿಕ ಮೇಲ್ಮನವಿಗಳಿಗೆ ಒಳಗಾದ ಕಾರಣ, ವಾರಂಟಿ ಪುಸ್ತಕದ ಷರತ್ತುಗಳನ್ನು ಓದಿ, ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಕಡಿಮೆ ಓಡಿದ್ದೇ ಒಳ್ಳೆಯದೆಂದು ತಿಳಿಯುವುದೂ ಸರಿಯಲ್ಲ. ನಿಂತಲ್ಲೇ ನಿಂತ ವಾಹನದ ಬ್ಯಾಟರಿ ಸೊರಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಎಂಜಿನ್ ಆಯಿಲ್ ಓಡದೆಯೂ ಹಳತಾಗುತ್ತದೆ. ಮೀಟರನ್ನು ತಿರುಗಿಸಬಹುದಾದರೂ ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕೆಗಳು ಅದರ ವಯಸ್ಸನ್ನು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದ ಟಯರು. ಕ್ಲೇಮು ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ಗರಿಷ್ಠ ಶೇಕಡ 50ರವರೆಗೆ ಏರುವ ನೋ ಕ್ಲೇಮ್ ಬೋನಸ್, ಗಾಡಿಯ ಜೊತೆಗೆ ಕೊಂಡವರಿಗೆ ಹೋಗುತ್ತದೆಂದು ಅನೇಕರು ಭಾವಿಸುತ್ತಾರೆ; ಅದು ಮಾರಿದವರಿಗೇ ಸೇರಿದ್ದು, ವಿಮಾ ಕಂಪನಿಯಿಂದ ಪತ್ರ ಪಡೆದು ಅವರು ಅದನ್ನು ತಮ್ಮ ಮುಂದಿನ ವಾಹನಕ್ಕೆ ಬಳಸಿಕೊಳ್ಳಬಹುದು.