ಕಂಪನಿ ಯಜಮಾನ ಗುಬ್ಬಿ ವೀರಣ್ಣ



ಮಡಕಶಿರಾ ಕಡೆಯವರು ಅಗಳಿಯ ಮೇಲೆ ಶಿರಾ ಸೇರಿದರೆ ಮುಂದೆ ತುಮಕೂರು ಸೀಮೆ. ಗುಬ್ಬಿ ಇರುವುದು ಅಲ್ಲಿಯೇ. ರಾಯದುರ್ಗದವರಿಗೆ ಬಳ್ಳಾರಿ ಹತ್ತಿರ. ಈ ಎರಡೂ ಊರುಗಳು ಒಬ್ಬೊಬ್ಬ ದೊಡ್ಡ ನಟರ ಹೆಸರಿಗೆ ಅಂಟಿಕೊಂಡಿವೆ. ಬಳ್ಳಾರಿ ರಾಘವರು 1880ರಲ್ಲಿ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಹುಟ್ಟಿದವರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದವರು. ಆದರೆ ಅವರು ವಕೀಲರು. ನಾಟಕದ ಹಣದಿಂದ ಅವರ ಮನೆಯ ಒಲೆ ಉರಿಯಬೇಕಾಗಿರಲಿಲ್ಲ. ಗುಬ್ಬಿ ವೀರಣ್ಣನವರ ಮಾತು ಬೇರೆ. ಅವರ ಒಲೆಯೂ, ಅವರನ್ನು ನಂಬಿದ ನೂರಾರು ಜನರ ಒಲೆಯೂ ಗಲ್ಲಾಪೆಟ್ಟಿಗೆಯಿಂದಲೇ ಉರಿಯಬೇಕಿತ್ತು.

ತಾನೇ ನಟ, ತಾನೇ ಕಂಪನಿಯ ಒಡೆಯ. ಇಂಥವರು ಇಂಗ್ಲೆಂಡಿನಲ್ಲೂ ಇದ್ದರು. 1878ರಲ್ಲಿ ಲಂಡನ್ನಿನ ಲೈಸಿಯಂ ನಾಟಕಶಾಲೆಯನ್ನು ವಹಿಸಿಕೊಂಡ ಹೆನ್ರಿ ಇರ್ವಿಂಗ್, 1895ರಲ್ಲಿ 'ಸರ್' ಪದವಿ ಪಡೆದ ಮೊದಲ ನಟ. ಮೂರು ವರ್ಷದ ಮೇಲೆ ಅವರ ಪರದೆ, ಸೀನುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿತ್ತು. 1905ರಲ್ಲಿ ಪರ ಊರಿನ ಕ್ಯಾಂಪಿನಲ್ಲಿ, ನಾಟಕ ಮುಗಿಸಿದ ರಾತ್ರಿಯೇ ಅವರು ತೀರಿಕೊಂಡರು. ಪದವಿ ಬಂದರೂ ತಿರುಗಾಟ ತಪ್ಪಲಿಲ್ಲ ನೋಡಿ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಗುಬ್ಬಿ ಕಂಪನಿ ಅವರಿಗಿಂತ ಏಳು ವರ್ಷ ಹಿರಿದು, 1884ರದ್ದು. ಬಾಲಕನಾಗಿ ಬಣ್ಣ ಹಚ್ಚಿದ ಕಂಪನಿಗೆ ಮುಂದೆ ಅವರೇ ಯಜಮಾನರಾದರು. ಯಜಮಾನರೆಂದರೆ ರಾಜಪಾತ್ರವೇ ಬೇಕೆಂದು ಹಟ ಹಿಡಿದವರಲ್ಲ. ಜನ ಅವರನ್ನು ಮೆಚ್ಚಿದ್ದು ಹಾಸ್ಯಕ್ಕೆ. ಅದರಲ್ಲೂ 'ಸದಾರಮೆ'ಯ ಕಳ್ಳನ ಪಾತ್ರಕ್ಕೆ. ಕಂಪನಿಯ ದುಡ್ಡು ಕಾಯುವವರೇ ರಂಗದ ಮೇಲೆ ಕಳ್ಳ! ನನಗಂತೂ ಇದು ಇಂದಿಗೂ ನಗು ತರಿಸುತ್ತದೆ.

ಆ ಯಜಮಾನಿಕೆ ಎಂಥದ್ದೆಂಬುದನ್ನು ಈಗಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿ ಒಂದೂರಿನಲ್ಲಿ ಕ್ಯಾಂಪು ಹಾಕಿತೆಂದರೆ ಮೊದಲು ಜಾಗ ಗೊತ್ತು ಮಾಡಬೇಕು, ಸರ್ಕಾರದ ಅಪ್ಪಣೆ ತರಬೇಕು, ತಗಡಿನ ಥಿಯೇಟರು ಎಬ್ಬಿಸಬೇಕು. ನಟರು, ಹಾರ್ಮೋನಿಯಂ ಮಾಸ್ತರು, ಪರದೆ ಎಳೆಯುವವರು, ಅಡುಗೆಯವರು, ಅವರ ಹೆಂಡಿರು ಮಕ್ಕಳು, ಎಲ್ಲರಿಗೂ ಎರಡು ಹೊತ್ತು ಊಟ. ಸಂಜೆ ಮಳೆ ಹಿಡಿದರೆ ಕಲೆಕ್ಷನ್ ಇಲ್ಲ. ಊಟ ಮಾತ್ರ ನಿಲ್ಲಿಸುವಂತಿಲ್ಲ. ನಾಟಕ ಬಿದ್ದರೆ ನಟನಿಗೆ ಬರುವುದು ಕೆಟ್ಟ ಹೆಸರು, ಯಜಮಾನನಿಗೆ ಬರುವುದು ಸಾಲ. ವೀರಣ್ಣನವರ ಮೇಲೆ ಎರಡೂ ಬರುತ್ತಿದ್ದವು.

ಆದರೂ ಕೈ ಬಿಗಿಹಿಡಿದವರಲ್ಲ. 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸ್ತ್ರೀಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಂಗಸರನ್ನು ಕರೆತಂದರು. ಅವರ ಪತ್ನಿ ಬಿ. ಜಯಮ್ಮನವರು ಕಂಪನಿಯ ಹೆಸರಾಂತ ನಟಿ. ಮನೆ ಬಿಟ್ಟು ಬಂದ ಬಿ.ವಿ. ಕಾರಂತ ಎಂಬ ಹುಡುಗ ಕಂಪನಿಯಲ್ಲಿ ಬೆಳೆದ, ಅವನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರೂ ಇವರೇ. ಕಂಪನಿಗೆ ಅದರಿಂದ ಒಂದು ಟಿಕೆಟ್ಟೂ ಹೆಚ್ಚು ಹೋಗಲಿಲ್ಲ. ಆ ಹುಡುಗ ಮುಂದೆ ದೇಶವೇ ಬಲ್ಲ ರಂಗನಿರ್ದೇಶಕನಾದ.

ಒಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ನಾಟಕದ ಪ್ರೇಕ್ಷಕರನ್ನು ಕಿತ್ತುಕೊಂಡ ಸಿನಿಮಾಕ್ಕೆ ಕನ್ನಡದಲ್ಲಿ ಹಣ ಹಾಕಿದ ಮೊದಲಿಗರಲ್ಲಿ ವೀರಣ್ಣನವರೂ ಒಬ್ಬರು. ಮೂಕಿ ಚಿತ್ರಗಳ ಕಾಲದಿಂದಲೇ ಅವರಿಗೆ ಅದರ ನಂಟು. ಬರುವ ಗಾಳಿ ಯಾವ ಕಡೆಯದೆಂದು ತಿಳಿಯದವರಲ್ಲ. ತಿಳಿದೇ ಕೈಹಾಕಿದರೆಂದು ನನ್ನ ಎಣಿಕೆ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ರಾಜಕುಮಾರ್ ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿಯೇ ಬೆಳ್ಳಿತೆರೆಗೆ ಹೋದವರು. ಯಜಮಾನರಿಗೆ 1972ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ಅಕ್ಟೋಬರಿನಲ್ಲಿ ಅವರು ಕಣ್ಣು ಮುಚ್ಚಿದರು.

ಕೊನೆಯದಾಗಿ, ನಮ್ಮ ಗಡಿಯವರಿಗೆ ಬೇಕಾದ ಸಂಗತಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಬಳ್ಳಾರಿ ಜಿಲ್ಲೆ ಮೈಸೂರಿಗೆ ಹೋಯಿತು; ಅದರ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈಚೆ ಉಳಿದವು. ಮರುವರ್ಷ, 1954ರಲ್ಲಿ, ವೀರಣ್ಣನವರ ಸಂಸ್ಥೆಯೂ ಮದರಾಸಿನ ಎವಿಎಂ ಸಂಸ್ಥೆಯೂ ಕೂಡಿ 'ಬೇಡರ ಕಣ್ಣಪ್ಪ' ತೆಗೆದವು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಕಣ್ಣಪ್ಪ ಯಾರವನು? ಕಾಳಹಸ್ತಿಯವನು, ತೆಲುಗರ ತಿನ್ನಡು. ಅದೇ ವರ್ಷ ಅದೇ ಸಿಂಹರ ನಿರ್ದೇಶನದಲ್ಲಿ ಆ ಕಥೆ ತೆಲುಗಿನಲ್ಲೂ ಬಂತು. ಅಲ್ಲಿಯೂ ಕಣ್ಣಪ್ಪನಾಗಿ ನಿಂತವರು ಗುಬ್ಬಿ ಕಂಪನಿಯ ಹುಡುಗ ರಾಜಕುಮಾರರೇ. ಆಮೇಲೆ ಅವರು ಇನ್ನೊಂದು ತೆಲುಗು ಚಿತ್ರದಲ್ಲಿ ನಟಿಸಲೇ ಇಲ್ಲ.