ಮಾವಿನ ಊಜಿ ನೊಣ ಮತ್ತು ಮೋಹಕ ಬಲೆ: ತಯಾರಕರು, ವರ್ತಕರು ಅರಿಯಬೇಕಾದ ಸಂಗತಿಗಳು

ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವು, ಬದನೆ, ಹಾಗಲ, ಪಡವಲ ಮತ್ತು ಕೆಸುವಿನ ಆಮದನ್ನು ನಿಷೇಧಿಸಿತು. ಅದರ ಹಿಂದಿನ ವರ್ಷ ನಮ್ಮ ದೇಶದಿಂದ ಹೋದ ಹಣ್ಣು-ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣವೇ ಮೊದಲಾದ ಕೀಟಗಳು ಕಂಡುಬಂದುದು ಇದಕ್ಕೆ ಕಾರಣ. ಮಾವಿನ ಮೇಲಿನ ನಿಷೇಧವು 2015ರ ಆರಂಭದಲ್ಲಿ ತೆರವಾಯಿತು. ನೊಣ ಮಾತ್ರ ತೋಟ ಬಿಟ್ಟು ಹೋಗಲಿಲ್ಲ.

ವರ್ತೂರಿನಿಂದ ಪೂರ್ವಕ್ಕೆ ಸಾಗಿದರೆ ಮಾಲೂರು, ಕೋಲಾರ, ಶ್ರೀನಿವಾಸಪುರಗಳ ಮಾವಿನ ಸೀಮೆ ದೊರೆಯುತ್ತದೆ. ಅಲ್ಲಿನ ರೈತರು ಈ ಕೀಟವನ್ನು ರೇಷ್ಮೆ ಕೃಷಿಯ ಮಾತಿನಲ್ಲಿಯೇ ‘ಊಜಿ’ ಎಂದು ಕರೆಯುವುದುಂಟು. ಇದರ ಹತೋಟಿಗೆ ಬಳಸುವ ಮೋಹಕ ಬಲೆಯು ನೋಡಲು ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಯಷ್ಟೆ. ವರ್ತೂರು-ವೈಟ್‌ಫೀಲ್ಡ್ ಭಾಗದ ಸಣ್ಣ ಪ್ಲಾಸ್ಟಿಕ್ ಘಟಕಗಳಿಗೆ ಇಂತಹ ಡಬ್ಬಿಯ ಅಚ್ಚು ಕಠಿಣವಾದುದಲ್ಲ. ಆದರೆ ರೈತನು ಹಣ ತೆರುವುದು ಡಬ್ಬಿಗಲ್ಲ, ಒಳಗಿನ ಲೂರ್‌ಗೆ. ಅದರ ಗುಣಮಟ್ಟವನ್ನು ಕೊಳ್ಳುವವನು ಕಣ್ಣಿನಿಂದ ಅಳೆಯಲಾರ. ಈ ಉತ್ಪನ್ನವನ್ನು ಕೈಗೆತ್ತಿಕೊಳ್ಳುವವರು ಮೊದಲು ಗಮನಿಸಬೇಕಾದ ಅಂಶವಿದು.

ಹೆಣ್ಣು ನೊಣವು ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಚುಚ್ಚಿ ಅದರ ಕೆಳಗೆ ಮೊಟ್ಟೆಯಿಡುತ್ತದೆ. ಹುಳುಗಳು ತಿರುಳನ್ನು ತಿಂದು ಬೆಳೆದು, ನೆಲಕ್ಕಿಳಿದು, ಮಣ್ಣಿನಲ್ಲಿ ಕೋಶಾವಸ್ಥೆಯನ್ನು ಕಳೆಯುತ್ತವೆ. ಹಣ್ಣಿನೊಳಗೆ ಸೇರಿದ ಹುಳುವಿಗೆ ಮೇಲಿನಿಂದ ಸಿಂಪಡಿಸಿದ ಔಷಧ ತಾಗುವುದು ಕಷ್ಟ; ಕೊಯ್ಲಿನ ಹೊಸ್ತಿಲಲ್ಲಿ ಸಿಂಪಡಿಸಿದರೆ ವಿಷದ ಶೇಷಾಂಶದ ಆಕ್ಷೇಪ ಬೇರೆ. ಹೊರನೋಟಕ್ಕೆ ಲೋಪವಿಲ್ಲದ ಕಾಯಿ ಮಂಡಿ ದಾಟಿ, ಹಣ್ಣಾದ ಮೇಲೆ ಗಿರಾಕಿಯ ಮನೆಯಲ್ಲಿ ಹುಳು ತೋರಿಸುವುದು ಹೀಗೆ.

ಮೋಹಕ ವಸ್ತುವಿನ ಮೂಲ ಶೋಧ ನಡೆದದ್ದು ಭಾರತದಲ್ಲಿಯೇ ಎಂಬುದನ್ನು ಹಲವರು ಅರಿಯರು. ಬಿಹಾರದ ಪೂಸಾದಲ್ಲಿ ಕೀಟತಜ್ಞರಾಗಿದ್ದ ಹೌಲೆಟ್ ಅವರು ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಮಿಥೈಲ್ ಯೂಜಿನಾಲ್‌ನ ಆಕರ್ಷಣೆಯನ್ನು 1915ರಲ್ಲಿ ಪ್ರಕಟಿಸಿದರು. ನಮ್ಮ ತುಳಸಿಯಲ್ಲಿಯೂ ಈ ವಸ್ತುವಿದೆ. 1960ರ ದಶಕದ ಆರಂಭದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಇದನ್ನೂ ಕೀಟನಾಶಕವನ್ನೂ ಹೀರಿಸಿದ ಹಲಗೆಯ ತುಂಡುಗಳನ್ನು ವಿಮಾನದಿಂದ ಉದುರಿಸಿ, ಈ ನೊಣವನ್ನೇ ನಿರ್ಮೂಲ ಮಾಡಲಾಯಿತು.

ಆದರೆ ಶ್ರೀನಿವಾಸಪುರ ದ್ವೀಪವಲ್ಲ. ಬಲೆಗೆ ಬೀಳುವುದು ಗಂಡು ಮಾತ್ರ. ಪಕ್ಕದ ತೋಟದಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿಬಂದು ಮೊಟ್ಟೆಯಿಟ್ಟರೆ ಬಲೆ ಏನನ್ನೂ ಮಾಡಲಾರದು. ಆದುದರಿಂದ ಒಬ್ಬ ರೈತನಿಗೆ ಐದು ಬಲೆ ಮಾರುವುದಕ್ಕಿಂತ ಒಂದು ಊರಿನ ತೋಟಗಳೆಲ್ಲಕ್ಕೂ ಒಟ್ಟಿಗೆ ಒದಗಿಸುವುದು ಲೇಸು. ಉದುರಿದ ಹಣ್ಣನ್ನು ಆರಿಸಿ ಆಳವಾಗಿ ಹೂಳಬೇಕೆಂಬ ಸೂಚನೆಯನ್ನೂ ಜೊತೆಗೆ ನೀಡಬೇಕು. ಸತ್ತ ನೊಣಗಳು ತುಂಬಿದ ಡಬ್ಬಿಯನ್ನು ಪ್ರದರ್ಶಿಸಿ ಮಾರಾಟ ಮಾಡುವ ರೂಢಿ ಇದೆ. ಲೇಖಕನ ಅಭಿಪ್ರಾಯದಲ್ಲಿ ಅದು ಸರಿಯಾದ ಸಾಕ್ಷ್ಯವಲ್ಲ. ಕೊಯ್ಲಿನಲ್ಲಿ ಹುಳುವಿಲ್ಲದ ಹಣ್ಣು ಎಷ್ಟು ದೊರೆಯಿತೆಂಬ ಲೆಕ್ಕವೇ ಸಾಕ್ಷ್ಯ.

ತಯಾರಿಕೆಯ ಒಂದು ಪ್ರಚಲಿತ ಸೂತ್ರದಂತೆ ಆಲ್ಕೋಹಾಲ್, ಮಿಥೈಲ್ ಯೂಜಿನಾಲ್ ಮತ್ತು ಕೀಟನಾಶಕವನ್ನು 6:4:1ರ ಪ್ರಮಾಣದಲ್ಲಿ ಬೆರೆಸಿ, ಪ್ಲೈವುಡ್ ತುಂಡುಗಳನ್ನು ಎರಡು-ಮೂರು ದಿನ ನೆನೆಸಲಾಗುತ್ತದೆ. ಮೋಹಕವು ಆವಿಯಾಗಿ ಹೊರಬರುವುದೇ ಬಲೆಯ ಕೆಲಸ. ಅದೇ ಗುಣದಿಂದ ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿ ತೆರೆದಿಟ್ಟ ತುಂಡು ತೋಟ ಸೇರುವ ಮುನ್ನವೇ ಸತ್ವ ಕಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಪೊಟ್ಟಣದಲ್ಲಿ ಮುದ್ರೆ ಮಾಡುವುದು, ತಂಪಾದ ಕಡೆ ದಾಸ್ತಾನಿಡುವುದು, ತಯಾರಿಕೆಯ ದಿನಾಂಕವನ್ನೂ ತಂಡದ ಸಂಖ್ಯೆಯನ್ನೂ ಅಚ್ಚುಮಾಡುವುದು, ಇವುಗಳಲ್ಲಿ ಉಳಿತಾಯ ಮಾಡಹೊರಟರೆ ಮರುವರ್ಷ ಗಿರಾಕಿ ಬರುವುದಿಲ್ಲ.

ಕಾನೂನಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕೀಟನಾಶಕದ ತಯಾರಿಕೆ, ಮಾರಾಟಗಳಿಗೆ 1968ರ ಕೀಟನಾಶಕ ಕಾಯಿದೆಯಂತೆ ಪರವಾನಗಿ ಬೇಕು. ಆದುದರಿಂದ ಕೀಟನಾಶಕ ಬೆರೆಸಿದ ತುಂಡನ್ನು ಬರಿಯ ಪ್ಲಾಸ್ಟಿಕ್ ಸರಕೆಂದು ಬಗೆಯಲಾಗದು. ಹಳೆಯ ಕೆಲವು ಸೂತ್ರಗಳಲ್ಲಿದ್ದ ಡೈಕ್ಲೋರ್‌ವಾಸ್ 2020ರ ಡಿಸೆಂಬರ್ 31ರಿಂದ ಭಾರತದಲ್ಲಿ ಸಂಪೂರ್ಣ ನಿಷಿದ್ಧ. ಡಬ್ಬಿಯನ್ನಷ್ಟೆ ತಯಾರಿಸಿ, ಲೂರ್ ಅನ್ನು ಅಧಿಕೃತ ತಯಾರಕರಿಂದ ಪಡೆಯುವ ಮಾರ್ಗವು ಸಣ್ಣ ಘಟಕಕ್ಕೆ ಹೆಚ್ಚು ಕ್ಷೇಮಕರವೆಂದು ತೋರುತ್ತದೆ.

ಚಿಲ್ಲರೆ ವರ್ತಕರಲ್ಲಿ ಕಾಣುವ ತಪ್ಪೊಂದನ್ನು ಹೇಳಲೇಬೇಕು. ಮಾವು, ಸೀಬೆಗಳ ನೊಣಕ್ಕೆ ಮಿಥೈಲ್ ಯೂಜಿನಾಲ್ ಸರಿ. ಹಾಗಲ, ಹೀರೆ, ಸೌತೆಗಳನ್ನು ಕಾಡುವ ನೊಣ ಬೇರೆ, ಅದಕ್ಕೆ ಕ್ಯೂ-ಲೂರ್ ಬೇಕು. ಡಬ್ಬಿ ಎರಡಕ್ಕೂ ಒಂದೇ ಆಗಿರುವುದರಿಂದ ಅದಲುಬದಲಾಗುವುದು ಸುಲಭ. ಹಾಗಲದ ರೈತನು ಮಾವಿನ ಲೂರ್ ಕಟ್ಟಿ ತಿಂಗಳು ಕಾದು ಬೆಳೆ ಕಳೆದುಕೊಂಡರೆ, ಅವನು ಬಲೆಗಳನ್ನೇ ನಂಬದೆ ಮತ್ತೆ ಸಿಂಪಡಣೆಗೆ ಮರಳುತ್ತಾನೆ. ಎರಡು ಬಣ್ಣದ ಮುಚ್ಚಳ, ಕನ್ನಡದಲ್ಲಿ ದಪ್ಪಕ್ಷರದ ಬೆಳೆಯ ಹೆಸರು, ಇಷ್ಟರಿಂದ ಈ ತೊಡಕನ್ನು ಕಾರ್ಖಾನೆಯಲ್ಲಿಯೇ ನಿವಾರಿಸಬಹುದು.

ಕೋಲಾರ ಸೀಮೆಯ ಮುಖ್ಯ ಕೊಯ್ಲು ಮೇ ತಿಂಗಳ ನಡುವಿನಿಂದ ಜುಲೈವರೆಗೆ. ಬಲೆಗಳನ್ನು ಕೊಯ್ಲಿಗೆ ಸುಮಾರು ಎರಡು ತಿಂಗಳು ಮೊದಲೇ ಕಟ್ಟಬೇಕಾದುದರಿಂದ ಮಾರ್ಚ್ ವೇಳೆಗೆ ಸರಕು ಅಂಗಡಿಯಲ್ಲಿರಬೇಕು. ಅಚ್ಚಿನ ಕೆಲಸವನ್ನು ಹೊಸ ವರ್ಷ ಬರುವ ಮುನ್ನವೇ ಮುಗಿಸಿಕೊಳ್ಳುವುದು ಉತ್ತಮ.