ಮಾತೃಭಾಷಿಕವಾದ ಮತ್ತು ಇಂಗ್ಲಿಷ್ ಬೋಧನೆ

ಮಾತೃಭಾಷಿಕವಾದ ಎಂದರೆ ಇಂಗ್ಲಿಷನ್ನು ಹುಟ್ಟುಭಾಷೆಯಾಗಿ ಆಡುವವರೇ ಅದರ ಉತ್ತಮ ಶಿಕ್ಷಕರು, ಅವರ ಉಚ್ಚಾರಣೆಯೇ ಶುದ್ಧವಾದುದು ಎಂಬ ನಂಬಿಕೆ. ಇದನ್ನು 'ನೇಟಿವ್ ಸ್ಪೀಕರಿಸಂ' ಎಂಬ ಹೆಸರಿನಲ್ಲಿ ಚರ್ಚಿಸಿದವರಲ್ಲಿ ಏಡ್ರಿಯನ್ ಹಾಲಿಡೇ ಪ್ರಮುಖರು. ಭಾಷಾಬೋಧನೆ ಮಾರಾಟದ ಸರಕಾದಂತೆ ಈ ನಂಬಿಕೆಯು ಶಿಕ್ಷಕರ ನೇಮಕಾತಿಯ ಮೇಲೂ ಕಲಿಯುವವರ ಆತ್ಮವಿಶ್ವಾಸದ ಮೇಲೂ ಪ್ರಭಾವ ಬೀರಿದೆ.

ಹಿನ್ನೆಲೆ

1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಇಂಗ್ಲಿಷ್ ಬೋಧನೆಯನ್ನು ಕುರಿತು ಕಾಮನ್‌ವೆಲ್ತ್ ಸಮ್ಮೇಳನ ನಡೆಯಿತು. ಅದರ ನಿಲುವುಗಳನ್ನು ವಿಮರ್ಶಿಸಿದ ರಾಬರ್ಟ್ ಫಿಲಿಪ್ಸನ್, ಮಾತೃಭಾಷಿಕನೇ ಆದರ್ಶ ಶಿಕ್ಷಕ ಎಂಬುದು ಮಿಥ್ಯೆಯೆಂದು 1992ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಭಾಷೆಯನ್ನು ಶ್ರಮಪಟ್ಟು ಕಲಿತವನಿಗೆ ಕಲಿಕೆಯ ತೊಡಕುಗಳು ಸ್ವಾನುಭವದಿಂದ ತಿಳಿದಿರುತ್ತವೆ. ಹುಟ್ಟಿನಿಂದ ಆಡಿದವನಿಗೆ ಅವು ಕಾಣುವುದೇ ಅಪರೂಪ.

ಮಾರುಕಟ್ಟೆ

ದಕ್ಷಿಣ ಕೊರಿಯವು ಇಂಗ್ಲಿಷ್ ಬೋಧಕರ ವೀಸಾವನ್ನು ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ. ಅಲ್ಲಿ ಪಾಸ್‌ಪೋರ್ಟೇ ಅರ್ಹತೆಯ ಒಂದು ಭಾಗ. ಪರೀಕ್ಷೆಗಳ ವ್ಯವಹಾರವೂ ದೊಡ್ಡದು. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಪರೀಕ್ಷೆಯ ಭಾರತದ ವಹಿವಾಟನ್ನು 2021ರಲ್ಲಿ ಬ್ರಿಟಿಷ್ ಕೌನ್ಸಿಲ್‌ನಿಂದ ಐಡಿಪಿ ಸಂಸ್ಥೆ ಸುಮಾರು 13 ಕೋಟಿ ಪೌಂಡ್‌ಗಳಿಗೆ ಕೊಂಡಿತು. ಗಮನಾರ್ಹವೆಂದರೆ ಇದೇ ಪರೀಕ್ಷೆಯ ಮಾನದಂಡಗಳು ಉಚ್ಚಾರಣೆಯಲ್ಲಿ ನೋಡುವುದು ಮಾತು ಸುಲಭವಾಗಿ ಅರ್ಥವಾಗುತ್ತದೆಯೇ ಎಂಬುದನ್ನು, ಬ್ರಿಟಿಷರಂತೆ ನುಡಿಯುವುದನ್ನಲ್ಲ.

ಕೇಳುಗರ ಪೂರ್ವಗ್ರಹ

ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಅಮೆರಿಕನ್ ಮಹಿಳೆಯೊಬ್ಬರ ಧ್ವನಿಯಲ್ಲಿ ಮುದ್ರಿತವಾದ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಕೆಲವರ ಮುಂದೆ ಬಿಳಿಯ ಮಹಿಳೆಯ, ಉಳಿದವರ ಮುಂದೆ ಏಷ್ಯಾ ಮೂಲದ ಮಹಿಳೆಯ ಭಾವಚಿತ್ರವಿತ್ತು. ಧ್ವನಿ ಒಂದೇ ಆಗಿದ್ದರೂ ಎರಡನೆಯ ಗುಂಪಿಗೆ ಅದರಲ್ಲಿ ವಿದೇಶಿ ಧಾಟಿ ಕೇಳಿಸಿತು, ವಿಷಯವೂ ಕಡಿಮೆ ನೆನಪಿನಲ್ಲಿ ಉಳಿಯಿತು. ದೋಷ ನಾಲಿಗೆಯಲ್ಲಿರಲಿಲ್ಲ, ಕಿವಿಯಲ್ಲಿತ್ತು. ಧಾಟಿ ಗಾಢವಾಗಿದ್ದರೂ ಮಾತು ಪೂರ್ಣ ಅರ್ಥವಾಗಬಲ್ಲದೆಂದು 1995ರಲ್ಲಿ ಮನ್ರೋ ಮತ್ತು ಡರ್ವಿಂಗ್ ತೋರಿಸಿದರು.

ಕನ್ನಡಿಗರ ಇಂಗ್ಲಿಷ್

ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ನೌಕರರಿಗೆ ಪಾಶ್ಚಾತ್ಯ ಹೆಸರಿಟ್ಟು ಉಚ್ಚಾರಣೆಯ ತರಬೇತಿ ಕೊಡುವ ರೂಢಿ ಬೆಳೆಯಿತು. 'ಬಸ್ಸು', 'ಪೆನ್ನು' ಎಂದು ಪದಾಂತ್ಯಕ್ಕೆ ಸ್ವರ ಸೇರಿಸುವುದು ಕನ್ನಡದ ಜಾಯಮಾನ. ಅದಕ್ಕಾಗಿ ಮಗುವನ್ನು ತರಗತಿಯಲ್ಲಿ ನಗೆಪಾಟಲು ಮಾಡಿದರೆ ಅದು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಪಶ್ಚಿಮಕ್ಕೂ ಒಳಅಂಗಿಗೂ ಇರುವ ಇಂಗ್ಲಿಷ್ ಪದಗಳೆರಡನ್ನೂ 'ವೆಸ್ಟ್' ಎಂದೇ ನುಡಿದಾಗ ಗೊಂದಲವಾಗಬಹುದು, ಅದನ್ನು ತಿದ್ದಬೇಕು. ಆದರೆ 'ಥಿಂಕ್' ಎಂಬುದರ ಮೊದಲ ಧ್ವನಿಯ ವ್ಯತ್ಯಾಸವು ಅರ್ಥಕ್ಕೆ ಅಷ್ಟಾಗಿ ಅಡ್ಡಿಯಾಗದೆಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪ್ರತಿಪಾದಿಸಿದರು. ಅವರು ಮುಖ್ಯವೆಂದ ಅಂಶಗಳಲ್ಲಿ ಸ್ವರಗಳ ಹ್ರಸ್ವ-ದೀರ್ಘ ಭೇದವೂ ಒಂದು. 'ಶಿಪ್' ಮತ್ತು 'ಶೀಪ್' ಪದಗಳ ನಡುವಿನ ಆ ಅಂತರ ಕನ್ನಡದ ಮಗುವಿಗೆ ಕಾಗುಣಿತದೊಂದಿಗೇ ಬಂದಿರುತ್ತದೆ.